ಕೆನೆತ್ ಆಂಡರ್ಸನ್ (1910–1974)

ಕನಕಪುರ, ಮಾಗಡಿ ಹಾಗೂ ರಾಮನಗರದ ಬೆಟ್ಟಗಾಡುಗಳನ್ನು ತಮ್ಮ ಬರಹಗಳ ಮೂಲಕ ಹೊರನಾಡಿನ ಓದುಗರಿಗೂ ಪರಿಚಯಿಸಿದವರಲ್ಲಿ ಕೆನೆತ್ ಆಂಡರ್ಸನ್‌ರವರು ಪ್ರಮುಖರು. ಸ್ಕಾಟ್‌ಲೆಂಡ್ ಮೂಲದ, ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಕುಟುಂಬದಲ್ಲಿ 1910ರ ಮಾರ್ಚ್ 8ರಂದು ಸಿಕಂದರಾಬಾದಿನ ಬೊಲಾರಂನಲ್ಲಿ ಜನಿಸಿದ ಇವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಕಾನೂನು ಅಧ್ಯಯನಕ್ಕೆಂದು ಎಡಿನ್‌ಬರೋಗೆ ತೆರಳಿದರೂ ಅದನ್ನು ಪೂರ್ಣಗೊಳಿಸದೆ ಹಿಂದಿರುಗಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ತರುವಾಯ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾಗಿದ್ದರು.

ಕಚೇರಿಯ ಈ ಯೋಜನಾಬುದ್ಧಿ ಅವರ ಕಾಡಿನ ಪ್ರಯಾಣಗಳಲ್ಲಿಯೂ ಕಂಡುಬರುತ್ತದೆ. ರಜೆ ದೊರೆತ ಕೂಡಲೇ ಸ್ಟುಡಿಬೇಕರ್ ಕಾರಿನಲ್ಲಿ ಹಾಸಿಗೆ, ಟಾರ್ಚು, ಚಹಾದ ಫ್ಲಾಸ್ಕು ಹಾಗೂ .405 ವಿಂಚೆಸ್ಟರ್ ಬಂದೂಕಿನೊಂದಿಗೆ ಹೊರಡುತ್ತಿದ್ದರು. ಬೆಳದಿಂಗಳ ರಾತ್ರಿಗಳಲ್ಲಿ ಕಾಡಿನಲ್ಲಿ ನಡೆಯುವುದು ಅವರಿಗೆ ಬಹು ಪ್ರಿಯವಾಗಿತ್ತು. ಕನ್ನಡ, ತಮಿಳು ಭಾಷೆಗಳನ್ನು ಬಲ್ಲವರಾದ್ದರಿಂದ ದನಗಾಹಿಗಳು, ಗಾಡಿಯವರು ಮತ್ತು ಅರಣ್ಯ ಕಾವಲುಗಾರರು ನೀಡುವ ಮಾಹಿತಿಯೇ ಅವರಿಗೆ ಮುಖ್ಯ ಆಧಾರವಾಗಿತ್ತು. ನಗರದಿಂದ ಬರುವ ಪ್ರವಾಸಿಗರು ಇಂದಿಗೂ ಮರೆಯುವುದು ಇದನ್ನೇ.

ಕನಕಪುರದಿಂದ ಸುಮಾರು 35 ಕಿ.ಮೀ. ದೂರದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮವು ಅವರ ಮೆಚ್ಚಿನ ತಾಣಗಳಲ್ಲಿ ಒಂದು. 1957ರಲ್ಲಿ ಪ್ರಕಟವಾದ ಅವರ ಎರಡನೆಯ ಪುಸ್ತಕದಲ್ಲಿ ಸಂಗಮದ ಚಿರತೆಯ ಕಥೆಯಿದೆ. ರಾಮನಗರವು ಅವರ ಬರಹಗಳಲ್ಲಿ ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರಿನಿಂದಲೇ ಬರುತ್ತದೆ. ಕನ್ನಡಿಗರಿಗೆ ಮಾತ್ರ ಆಂಡರ್ಸನ್ ಹೆಚ್ಚಾಗಿ ಪರಿಚಿತರಾದದ್ದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದವಾದ ಕಾಡಿನ ಕಥೆಗಳು ಮಾಲೆಯಿಂದ. ಆ ಮಾಲೆಯ ಮುನಿಶಾಮಿ ಮತ್ತು ಮಾಗಡಿ ಚಿರತೆಯನ್ನು ಓದಿದವರಿಗೆ ಮಾಗಡಿ ರಸ್ತೆ ಬರಿಯ ರಸ್ತೆಯಾಗಿ ಉಳಿಯುವುದಿಲ್ಲ.

ಅವರು ಬೇಟೆಗಾರರಾಗಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ನರಭಕ್ಷಕ ಪ್ರಾಣಿಯಿಂದಾಗಿ ಸಂಜೆಯ ನಂತರ ಬಾಗಿಲು ತೆರೆಯಲು ಹೆದರುತ್ತಿದ್ದ ಹಳ್ಳಿಗಳಿಗೆ ಅವರ ಆಗಮನ ನೆಮ್ಮದಿ ತರುತ್ತಿತ್ತು. ಆದರೆ ನಿರುಪದ್ರವಿ ಪ್ರಾಣಿಯನ್ನು ಮೋಜಿಗಾಗಿ ಕೊಲ್ಲುವುದರಲ್ಲಿ ಅವರ ಆಸಕ್ತಿ ವರ್ಷ ಕಳೆದಂತೆ ಕುಗ್ಗಿತು. ಬಂದೂಕಿನ ಸ್ಥಾನವನ್ನು ಕ್ಯಾಮೆರಾ ಪಡೆಯಿತು. ಕಾಡು ಬರಿದಾಗುತ್ತಿರುವ ಬಗ್ಗೆ ಕೊರಗುತ್ತಾ ಬರೆದರು. ಕಥೆಗಳ ಎಲ್ಲ ವಿವರಗಳೂ ಯಥಾವತ್ತೇ ಎಂಬ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಅಂದಿನ ಕಾಡು ಮತ್ತು ಕಾಡಂಚಿನ ಜನಜೀವನಕ್ಕೆ ಅವು ಅಮೂಲ್ಯ ದಾಖಲೆಗಳಾಗಿವೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯು 1972ರಲ್ಲಿ ಜಾರಿಗೆ ಬಂದಿತು. ಅದಾದ ಎರಡೇ ವರ್ಷಗಳಲ್ಲಿ, 1974ರ ಆಗಸ್ಟ್ 30ರಂದು, ಆಂಡರ್ಸನ್‌ರವರು ಕ್ಯಾನ್ಸರ್‌ನಿಂದ ಬೆಂಗಳೂರಿನಲ್ಲಿ ನಿಧನರಾದರು. ಕಡೆಯ ಪುಸ್ತಕ ಪ್ರಕಟವಾದದ್ದು 1976ರಲ್ಲಿ.

ಕಾವೇರಿ ತೀರದ ಕಾಡುಗಳನ್ನು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದೂ, ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದೂ ಘೋಷಿಸಲಾಗಿದೆ. ಆಂಡರ್ಸನ್‌ರವರಂತೆ ರಾತ್ರಿಯ ವೇಳೆ ಇಚ್ಛೆ ಬಂದ ಕಡೆ ತಂಗುವುದು ಈಗ ಸಾಧ್ಯವಿಲ್ಲ. ಬೇಸಿಗೆ ರಜೆಯಲ್ಲಿ ಈ ಭಾಗಕ್ಕೆ ಭೇಟಿ ನೀಡುವ ಸಾರ್ವಜನಿಕರು ವನ್ಯಜೀವಿಧಾಮದ ಒಳಭಾಗವನ್ನು ಪ್ರವೇಶಿಸುವ ಮುನ್ನ ಅರಣ್ಯ ಇಲಾಖೆಯಿಂದ ಅನುಮತಿ ಪಡೆಯತಕ್ಕದ್ದು.