ಹನಿಯನ್ನು ಕಂಡ ಉಪಾಧ್ಯಾಯರು

ಮುಂಗಾರಿನ ಮಳೆ ಸುರಿದಾಗ ರಾಮನಗರದ ಬೆಟ್ಟಗಳಲ್ಲಿಯೂ ಮಾಗಡಿಯ ಬಳಿಯ ಸಾವನದುರ್ಗದಲ್ಲಿಯೂ ಬಂಡೆಗಳ ನಡುವಣ ದೊಣೆಗಳು ನೀರಿನಿಂದ ತುಂಬುತ್ತವೆ. ಮಳೆ ನಿಂತ ಬಳಿಕವೂ ಮೇಲಿನ ಬಂಡೆಯ ಅಂಚಿನಿಂದ ಒಂದೊಂದೇ ಹನಿ ಜಾರಿ ದೊಣೆಗೆ ಬೀಳುತ್ತಿರುತ್ತದೆ. ಹನಿ ಬಿದ್ದೊಡನೆ ಸಣ್ಣ ಸದ್ದಾಗುತ್ತದೆ. ಒಂದಿಷ್ಟು ನೀರು ಸಿಡಿಯುತ್ತದೆ. ಉಂಗುರದಂತಹ ಅಲೆಗಳು ಹರಡುತ್ತವೆ. ನಮ್ಮ ಕಣ್ಣಿಗೆ ಕಾಣುವುದು ಇಷ್ಟೇ. ಹನಿಯು ನೀರನ್ನು ಮುಟ್ಟಿದ ಕ್ಷಣಕ್ಕೂ ಅಲೆಗಳು ಹರಡಿದ ಕ್ಷಣಕ್ಕೂ ನಡುವೆ ಏನು ನಡೆಯಿತು? ಈ ಪ್ರಶ್ನೆಯ ಉತ್ತರಕ್ಕಾಗಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಶ್ರಮಿಸಿದ ಉಪಾಧ್ಯಾಯರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರೇ ಆರ್ಥರ್ ಮೇಸನ್ ವರ್ದಿಂಗ್‌ಟನ್.

ವರ್ದಿಂಗ್‌ಟನ್ನರು 1852ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಜನಿಸಿದರು. ರಗ್ಬಿ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿಯೂ ಅವರ ವಿದ್ಯಾಭ್ಯಾಸ ನಡೆಯಿತು. ಜರ್ಮನಿಯ ಬರ್ಲಿನ್ ನಗರದಲ್ಲಿ, ಆ ಕಾಲದ ಮಹಾವಿಜ್ಞಾನಿಯಾಗಿದ್ದ ಹೆಲ್ಮ್‌ಹೋಲ್ಟ್ಸರ ಪ್ರಯೋಗಶಾಲೆಯಲ್ಲಿ ಅವರು ಕೆಲಸ ಮಾಡಿದರು. ಅನಂತರ ಅವರು ಆರಿಸಿಕೊಂಡದ್ದು ಬೋಧನೆಯ ವೃತ್ತಿಯನ್ನು. ಬ್ರಿಸ್ಟಲಿನ ಕ್ಲಿಫ್ಟನ್ ಕಾಲೇಜಿನಲ್ಲಿ ಉಪಾಧ್ಯಾಯರಾಗಿದ್ದು, ಮುಂದೆ ಡೆವನ್‌ಪೋರ್ಟಿನಲ್ಲಿ ನೌಕಾಪಡೆಯ ಎಂಜಿನಿಯರುಗಳನ್ನು ತಯಾರು ಮಾಡುವ ಕಾಲೇಜಿನ ಮುಖ್ಯೋಪಾಧ್ಯಾಯರೂ ಭೌತವಿಜ್ಞಾನದ ಪ್ರಾಧ್ಯಾಪಕರೂ ಆದರು.

ಅವರ ಸಂಶೋಧನೆಗೆ ನಾಂದಿ ಹಾಡಿದವನು ಒಬ್ಬ ಶಾಲಾ ಬಾಲಕ. ಹೊಗೆಯ ಮಸಿ ಹಿಡಿಸಿದ ಗಾಜಿನ ಮೇಲೆ ಆಕಸ್ಮಿಕವಾಗಿ ಬಿದ್ದ ಶಾಯಿಯ ಹನಿಗಳು ವಿಚಿತ್ರವಾದ ಗುರುತುಗಳನ್ನು ಮೂಡಿಸಿದ್ದನ್ನು ರಗ್ಬಿ ಶಾಲೆಯ ವಿದ್ಯಾರ್ಥಿಯೊಬ್ಬನು ಗಮನಿಸಿದನು. ಬೇರೆಯವರಾಗಿದ್ದರೆ ಗಾಜನ್ನು ಒರೆಸಿ ಮರೆತುಬಿಡುತ್ತಿದ್ದರು. ವರ್ದಿಂಗ್‌ಟನ್ನರು ಆ ಗುರುತುಗಳ ಕಾರಣವನ್ನು ಅರಸತೊಡಗಿದರು. ಈ ವಿಷಯದಲ್ಲಿ ಅವರ ಮೊದಲ ಲೇಖನ 1876ರಲ್ಲಿ ಪ್ರಕಟವಾಯಿತು.

ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುವ ಘಟನೆಯನ್ನು ನೋಡುವುದು ಹೇಗೆ? ಅವರು ಹೂಡಿದ ಉಪಾಯ ಸರಳವಾದುದು. ಕೋಣೆಯನ್ನು ಪೂರ್ಣವಾಗಿ ಕತ್ತಲು ಮಾಡಿದರು. ಮಸಿ ಹಿಡಿಸಿದ ಸಣ್ಣ ಗಾಜಿನ ಬಟ್ಟಲಿನಲ್ಲಿ ಹನಿಯನ್ನು ಇಟ್ಟರು. ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಯು ಆ ಮಸಿಗೆ ಅಂಟುತ್ತಿರಲಿಲ್ಲ. ವಿದ್ಯುತ್ಕಾಂತದ ಹಿಡಿತ ತಪ್ಪಿದೊಡನೆ ಬಟ್ಟಲು ಥಟ್ಟನೆ ಸರಿದು ಹನಿ ಕೆಳಗೆ ಬೀಳುತ್ತಿತ್ತು. ಅದೇ ಕ್ಷಣದಲ್ಲಿ ಮತ್ತೊಂದು ಕಡೆ ಒಂದು ಗುಂಡೂ ಬೀಳುತ್ತಿತ್ತು. ಗುಂಡು ಕೆಳಗಿನ ತಟ್ಟೆಯನ್ನು ಮುಟ್ಟಿದಾಗ ಪ್ರಖರವಾದ ವಿದ್ಯುತ್ಕಿಡಿ ಹಾರಿ, ಹನಿಯ ಆ ಒಂದು ಕ್ಷಣದ ರೂಪ ಕಣ್ಣಿಗೆ ಕಾಣುತ್ತಿತ್ತು. ಗುಂಡನ್ನು ತುಸು ಮೇಲಿನಿಂದ ಬಿಟ್ಟರೆ ಕಿಡಿ ತುಸು ತಡವಾಗಿ ಹಾರಿ ಮುಂದಿನ ಹಂತ ಕಾಣುತ್ತಿತ್ತು. ಹೀಗೆ ಹನಿಯ ಮೇಲೆ ಹನಿ ಬೀಳಿಸಿ, ಕಣ್ಣಿನಲ್ಲಿ ಉಳಿದ ರೂಪವನ್ನು ಕೂಡಲೇ ಕಾಗದದ ಮೇಲೆ ಬರೆದು, ಒಂದು ಸಿಡಿತದ ಆದ್ಯಂತ ಚರಿತ್ರೆಯನ್ನು ಅವರು ಕಟ್ಟಿದರು.

ಆ ಚರಿತ್ರೆ ಆಶ್ಚರ್ಯಕರವಾಗಿತ್ತು. ಹನಿ ಬಿದ್ದೆಡೆಯಲ್ಲಿ ಮೊದಲು ಕುಳಿಯೊಂದು ಉಂಟಾಗುತ್ತದೆ. ಅದರ ಸುತ್ತಲೂ ತೆಳುವಾದ ನೀರಿನ ಗೋಡೆ ಮೇಲೇಳುತ್ತದೆ. ಗೋಡೆಯ ಅಂಚಿನಲ್ಲಿ ಸಣ್ಣ ಸಣ್ಣ ಹನಿಗಳು ಮಣಿಗಳಂತೆ ಮೂಡಿ, ಅದು ಕಿರೀಟದಂತೆ ಶೋಭಿಸುತ್ತದೆ. ಮರುಕ್ಷಣ ಕಿರೀಟ ಕುಸಿಯುತ್ತದೆ; ಕುಳಿಯ ನಡುವಿನಿಂದ ನೀರಿನ ಕಂಬವೊಂದು ಚಿಮ್ಮುತ್ತದೆ. ಹಾಲಿನ ಹನಿಯನ್ನು ನೀರಿಗೆ ಬೀಳಿಸಿದಾಗ, ಬಿದ್ದ ಹಾಲೇ ಆ ಕಂಬದ ತುದಿಯನ್ನೇರಿ ಮರಳಿ ಬರುವುದು ಕಂಡಿತು. ಇಂತಹ ಕಂಬಕ್ಕೆ ವಿಜ್ಞಾನಿಗಳು ಇಂದಿಗೂ ವರ್ದಿಂಗ್‌ಟನ್ನರ ಹೆಸರನ್ನೇ ಬಳಸುತ್ತಾರೆ.

1893ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. ಅವರ ಚಿತ್ರಗಳು ಬಹಳ ಸುಂದರವಾಗಿದ್ದವು. ಪ್ರತಿಯೊಂದು ಕಿರೀಟವೂ ಕೈವಾರದಿಂದ ಎಳೆದಂತೆ ದುಂಡಾಗಿತ್ತು, ಹಲ್ಲುಗಳು ಸಮವಾಗಿದ್ದವು. ಪ್ರಕೃತಿಯ ನಿಯಮ ಅಷ್ಟು ನಿರ್ದೋಷವಾಗಿರುವುದೆಂದು ಅವರು ನಂಬಿದ್ದರು.

ಅಷ್ಟರಲ್ಲಿ ಛಾಯಾಗ್ರಹಣದ ಕಲೆ ಬೆಳೆದಿತ್ತು. 1894ರಲ್ಲಿ ಅವರು ಹನಿಯ ಸಿಡಿತವನ್ನು ಛಾಯಾಚಿತ್ರದಲ್ಲಿ ಸೆರೆಹಿಡಿದರು. ಲೇಡನ್ ಜಾಡಿಗಳಿಂದ ಪಡೆದ ಕಿಡಿಯ ಬೆಳಕು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಮೂರು ಭಾಗಕ್ಕಿಂತಲೂ ಕಡಿಮೆ ಕಾಲ ಇರುತ್ತಿತ್ತು. ಅಷ್ಟು ಅಲ್ಪ ಕಾಲದಲ್ಲಿ ನೀರು ಅಲುಗಾಡಿದಂತೆ ತೋರುವುದಿಲ್ಲ. ಫಲಕದ ಮೇಲೆ ಮೂಡಿದ ಚಿತ್ರವನ್ನು ನೋಡಿ ಅವರು ಬೆರಗಾದರು. ಕಿರೀಟದ ಒಂದು ಹಲ್ಲು ಉದ್ದ, ಒಂದು ಗಿಡ್ಡ. ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ತಾವು ಬರೆದಿದ್ದ ನಿರ್ದೋಷವಾದ ದುಂಡು ಅಲ್ಲಿರಲಿಲ್ಲ.

ಇಂತಹ ಸಂದರ್ಭದಲ್ಲಿ ವಿಜ್ಞಾನಿಯ ಸತ್ಯನಿಷ್ಠೆಗೆ ಪರೀಕ್ಷೆ ಒದಗುತ್ತದೆ. ಫಲಕವೇ ಕೆಟ್ಟಿದೆಯೆಂದು ಹೇಳಿ ಅವರು ಸುಮ್ಮನಾಗಬಹುದಾಗಿತ್ತು. ಹಾಗೆ ಮಾಡದೆ, ತಮ್ಮ ಹಳೆಯ ಚಿತ್ರಗಳ ಕಟ್ಟನ್ನು ಬಿಚ್ಚಿ ನೋಡಿದರು. ಅಂಕುಡೊಂಕಾದ ಕಿರೀಟಗಳನ್ನು ಅವರ ಕೈಯೇ ಹಿಂದೆ ಅನೇಕ ಸಲ ಬರೆದಿತ್ತು! ಆದರೆ ಪ್ರಕಟಿಸುವಾಗ ಅವನ್ನು ಆಕಸ್ಮಿಕ ದೋಷಗಳೆಂದು ಬದಿಗಿರಿಸಿ, ಅಂದವಾದವನ್ನು ಮಾತ್ರ ಆರಿಸಿದ್ದರು. ಕಣ್ಣು ಸತ್ಯವನ್ನು ಕಂಡಿದ್ದರೂ ಮನಸ್ಸು ಅದನ್ನು ಒಪ್ಪಿರಲಿಲ್ಲ. ಇದನ್ನು ಅವರು ಮುಚ್ಚಿಡಲಿಲ್ಲ. ತಮ್ಮ ಆಯ್ಕೆ ಹೇಗೆ ನಡೆಯಿತೆಂಬುದನ್ನು ಬಹಿರಂಗವಾಗಿ ತಿಳಿಸಿ, ಛಾಯಾಚಿತ್ರಗಳನ್ನೇ ಮುಂದಿಟ್ಟರು. ಇಪ್ಪತ್ತು ವರ್ಷಗಳ ಕೆಲಸವನ್ನು ತಾವೇ ತಿದ್ದಿಕೊಳ್ಳುವುದು ಸುಲಭದ ಮಾತಲ್ಲ.

ಅನಂತರ ಅವರು ಆರ್. ಎಸ್. ಕೋಲ್ ಎಂಬ ಸಹೋದ್ಯೋಗಿಯೊಡನೆ ಗುಂಡುಗಳನ್ನು ನೀರಿಗೆ ಬೀಳಿಸಿ ಪರೀಕ್ಷಿಸಿದರು. ಚೆನ್ನಾಗಿ ನಯಗೊಳಿಸಿದ, ಒಣಗಿದ ಗೋಲಿಯನ್ನು ಕಡಿಮೆ ಎತ್ತರದಿಂದ ಬಿಟ್ಟರೆ ನೀರು ಅದನ್ನು ಅಪ್ಪಿಕೊಂಡು ಮೇಲೇರಿ, ಸಿಡಿಯದೆಯೇ ಒಳಗೆ ಸೇರಿಸಿಕೊಳ್ಳುತ್ತದೆ. ಅದೇ ಗೋಲಿ ಒರಟಾಗಿದ್ದರೆ ನೀರನ್ನು ದೂರ ತಳ್ಳಿ, ಗಾಳಿಯನ್ನು ತನ್ನ ಹಿಂದೆ ಎಳೆದುಕೊಂಡು ಇಳಿಯುತ್ತದೆ. ಚನ್ನಪಟ್ಟಣದ ಕುಶಲಕರ್ಮಿ ಅರಗಿನ ಬಣ್ಣ ಹಚ್ಚಿದ ಆಟಿಕೆಯ ನಯವನ್ನು ಬೆರಳಿನಿಂದ ಅರಿಯುತ್ತಾನೆ. ನೀರು ಆ ನಯವನ್ನು ಮುಟ್ಟಿದ ಕ್ಷಣದಲ್ಲಿಯೇ ಅರಿಯುತ್ತದೆ. ಈ ಎಲ್ಲ ಫಲಗಳನ್ನು ಅವರು 1908ರಲ್ಲಿ ಸಿಡಿತಗಳನ್ನು ಕುರಿತ ಗ್ರಂಥವಾಗಿ ಹೊರತಂದರು. 1916ರಲ್ಲಿ ವರ್ದಿಂಗ್‌ಟನ್ನರು ನಿಧನ ಹೊಂದಿದರು.

ಅವರು ಹಾಕಿದ ದಾರಿಯಲ್ಲಿ ಹಲವರು ನಡೆದರು. ಮುಂದೆ ಬೆಂಗಳೂರನ್ನು ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡ ಸಿ. ವಿ. ರಾಮನ್ನರು, ಕಲ್ಕತ್ತೆಯಲ್ಲಿದ್ದಾಗ ಅಶುತೋಷ್ ಡೇ ಅವರೊಡನೆ ಇಂತಹ ಸಿಡಿತಗಳ ಸದ್ದನ್ನು ಅಭ್ಯಸಿಸಿ 1920ರಲ್ಲಿ ಲೇಖನ ಪ್ರಕಟಿಸಿದರು. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ನರು ವಿದ್ಯುತ್ ಫ್ಲ್ಯಾಶಿನ ನೆರವಿನಿಂದ 1957ರಲ್ಲಿ ತೆಗೆದ ಹಾಲಿನ ಕಿರೀಟದ ಚಿತ್ರ ಜಗತ್ಪ್ರಸಿದ್ಧವಾಯಿತು.

ಇಂದು ಈ ಪ್ರಯೋಗ ಮನೆಯಲ್ಲಿಯೇ ಸಾಧ್ಯ. ನೀರು ತುಂಬಿದ ತಟ್ಟೆಯ ಮೇಲೆ ಹನಿ ತೊಟ್ಟಿಕ್ಕುವಂತೆ ಮಾಡಿ, ಹನಿ ಬೀಳುವ ಜಾಗದಲ್ಲಿ ಪೆನ್ಸಿಲನ್ನು ಹಿಡಿದು, ಸಮೀಪದ ವಸ್ತುಗಳನ್ನು ದೊಡ್ಡದಾಗಿ ತೋರುವ ಮಸೂರವನ್ನು ಅದರ ಕಡೆಗೆ ಸರಿಹೊಂದಿಸಬೇಕು. ಬಳಿಕ ಪೆನ್ಸಿಲನ್ನು ತೆಗೆದು, ಮಬ್ಬುಗತ್ತಲೆಯಲ್ಲಿ ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಬೆಳಗಿಸಬೇಕು. ಶಕ್ತಿ ಕಡಿಮೆಯಾದಷ್ಟೂ ಅದರ ಬೆಳಕಿನ ಕಾಲ ಚಿಕ್ಕದಾಗುತ್ತದೆ. ಹತ್ತಾರು ಚಿತ್ರಗಳಲ್ಲಿ ಒಂದರಲ್ಲಿ ಕಿರೀಟ ಸಿಕ್ಕಬಹುದು. ಅದರ ಹಲ್ಲುಗಳು ಸಮವಾಗಿರುವುದಿಲ್ಲ. ಆ ಚಿತ್ರವನ್ನು ಕೆಟ್ಟುಹೋಯಿತೆಂದು ಎಸೆಯುವ ಮುನ್ನ, ಹಳೆಯ ಕಟ್ಟನ್ನು ಬಿಚ್ಚಿ ಕುಳಿತ ಆ ಉಪಾಧ್ಯಾಯರನ್ನು ನೆನೆಯಬೇಕು.