ರಕ್ತದ ಲೆಕ್ಕ ಹೇಳಿದ ಹಾಲ್ಡೇನ್



ನಮ್ಮ ಸೋದರಮಾವನ ಮಗನಿಗೆ ಐದು ವರ್ಷ. ಮೂರು ನಾಲ್ಕು ವಾರಕ್ಕೊಂದು ಸಲ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಹಾಕಿಸಬೇಕು. ಕಾಯಿಲೆಯ ಹೆಸರು ಥಲಸ್ಸೇಮಿಯಾ. ಕೆಲವರು ಇದು ಹಿಂದಿನ ಜನ್ಮದ ಪಾಪ ಅಂತಾರೆ. ಕೆಲವರು ನಮ್ಮತ್ತೆಯ ರಕ್ತವೇ ಸರಿಯಿಲ್ಲ ಅಂತಾರೆ. ಅತ್ತೆ ಒಲೆ ಮುಂದೆ ಕೂತು ಅಳುವುದನ್ನು ನಾನು ನೋಡಿದ್ದೇನೆ. ಅದಕ್ಕೇ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹಾಲ್ಡೇನ್ ಎಂಬ ವಿಜ್ಞಾನಿಯ ಕತೆ ಹೇಳಿದರು.

ಜೆ. ಬಿ. ಎಸ್. ಹಾಲ್ಡೇನ್ 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದರು. ತಂದೆಯೂ ವಿಜ್ಞಾನಿ. ಗಣಿಯಲ್ಲಿ ಕೆಟ್ಟ ಗಾಳಿಯಿಂದ ಜನ ಯಾಕೆ ಸಾಯುತ್ತಾರೆ ಅಂತ ಪರೀಕ್ಷೆ ಮಾಡುತ್ತಿದ್ದರು. ಮಗನನ್ನೂ ಗಣಿಯೊಳಕ್ಕೆ ಇಳಿಸುತ್ತಿದ್ದರು. ಒಂದು ಸಲ ಅಲ್ಲಿ ಹುಡುಗನನ್ನು ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ಏದುಸಿರು ಬಂದು, ಕಾಲು ಕುಸಿದು ಬಿದ್ದುಬಿಟ್ಟ. ನೆಲದ ಹತ್ತಿರ ಗಾಳಿ ಚೆನ್ನಾಗಿತ್ತು, ಉಸಿರು ಬಂತು. ಮೀಥೇನ್ ಹಗುರ, ಮೇಲೆ ನಿಲ್ಲುತ್ತೆ ಅನ್ನುವ ಪಾಠ ಹೀಗಾಯಿತು! ನಮ್ಮ ಮೇಷ್ಟ್ರು ಹೀಗೆ ಪಾಠ ಮಾಡದಿದ್ದರೆ ಸಾಕು.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಅದರ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಒಂದೊಂದೂ ಶ್ವಾಸಕೋಶದಲ್ಲಿ ಒಂದು ಆಮ್ಲಜನಕದ ಅಣುವನ್ನು ಹಿಡಿದುಕೊಂಡು, ಮೈಯಲ್ಲಿ ಬೇಕಾದ ಕಡೆ ಬಿಡುತ್ತದೆ. ಹಿಡಿದರೆ ಸಾಲದು, ಬಿಡಲೂ ಬೇಕು. ಕಾರ್ಬನ್ ಮೊನಾಕ್ಸೈಡ್ ಬಂದರೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದೇ ಜಾಗದಲ್ಲಿ ಕೂತುಬಿಡುತ್ತೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ. ಈ ಹಿಡಿತದ ಲೆಕ್ಕದ ಬಗ್ಗೆ 1912ರಲ್ಲಿ ತಂದೆ, ಮಗ ಮತ್ತು ಡಗ್ಲಸ್ ಎಂಬ ವಿಜ್ಞಾನಿ ಸೇರಿ ಪ್ರಬಂಧ ಬರೆದರು. ಹಾಲ್ಡೇನರಿಗೆ ವಿಜ್ಞಾನದಲ್ಲಿ ಪದವಿಯೇ ಇರಲಿಲ್ಲ ಅಂದರೆ ನಂಬುತ್ತೀರಾ?

ಆಮೇಲೆ ಮೊದಲನೆ ಮಹಾಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡರು. ಪ್ರಯೋಗಕ್ಕೆಂದು ರಾಸಾಯನಿಕ ಕುಡಿದು ತಮ್ಮ ರಕ್ತವನ್ನೇ ಆಮ್ಲ ಮಾಡಿಕೊಂಡು ಏದುಸಿರು ಬಿಟ್ಟರು.

ಈಗ ಮುಖ್ಯ ವಿಷಯ. ಥಲಸ್ಸೇಮಿಯಾದಲ್ಲಿ ಮೈ ಸಾಕಷ್ಟು ಹಿಮೋಗ್ಲೋಬಿನ್ ತಯಾರು ಮಾಡುವುದಿಲ್ಲ. ಸಿಕಲ್ ಸೆಲ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಹಿಮೋಗ್ಲೋಬಿನ್ನೇ ಬೇರೆ ಥರ. ಆಮ್ಲಜನಕ ಬಿಟ್ಟ ಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತೆ, ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತೆ. ಎರಡೂ ಕಾಯಿಲೆ ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ದೋಷದ ಜೀನ್ ಬರಬೇಕು. ಒಂದೇ ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ನಮ್ಮ ಮಾವನಿಗೂ ಒಂದು ಇದೆ, ಅತ್ತೆಗೂ ಒಂದು ಇದೆ ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದಾರೆ. ಇಂಥವರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಮಕ್ಕಳನ್ನೇ ಕೊಲ್ಲುತ್ತಿದ್ದ ಕಾಯಿಲೆ ತಲೆಮಾರು ಕಳೆದಂತೆ ಕಡಿಮೆಯಾಗಬೇಕಿತ್ತಲ್ಲ? ಆದರೆ ಇಟಲಿ, ಗ್ರೀಸ್ ಕಡೆ ಥಲಸ್ಸೇಮಿಯಾ ತುಂಬ ಇತ್ತು. ಅಲ್ಲಿ ಮಲೇರಿಯಾವೂ ತುಂಬ ಇತ್ತು. ಒಂದೇ ಜೀನ್ ಇದ್ದವರ ಸಣ್ಣ ರಕ್ತಕಣಗಳು ಮಲೇರಿಯಾವನ್ನು ತಡೆಯುತ್ತಿರಬಹುದು, ಅದಕ್ಕೇ ಅವರು ಬದುಕಿ ಉಳಿದರು ಎಂದು ಹಾಲ್ಡೇನ್ 1949ರಲ್ಲಿ ಊಹಿಸಿದರು. 1954ರಲ್ಲಿ ಆಲಿಸನ್ ಎಂಬವರು ಆಫ್ರಿಕಾದಲ್ಲಿ ಸಿಕಲ್ ಸೆಲ್ ಜೀನ್ ಒಂದೇ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು ತೋರಿಸಿದರು. ಪಾಪವೂ ಅಲ್ಲ, ಶಾಪವೂ ಅಲ್ಲ. ಯಾರೋ ಮುತ್ತಜ್ಜ ಮುತ್ತಜ್ಜಿಯನ್ನು ಚಳಿಜ್ವರದಿಂದ ಉಳಿಸಿದ್ದೇ ಈ ಜೀನ್ ಇರಬಹುದು.

1957ರಲ್ಲಿ ಹಾಲ್ಡೇನ್ ಹೆಂಡತಿ ಹೆಲೆನ್ ಜೊತೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಅರವತ್ತು ವರ್ಷ ಸಾಕ್ಸ್ ಹಾಕಿದ್ದು ಸಾಕು ಅಂತ ತಮಾಷೆ ಮಾಡುತ್ತಿದ್ದರಂತೆ. ಜುಬ್ಬ ಹಾಕಿದರು, ಮಾಂಸ ಬಿಟ್ಟರು, 1961ರಲ್ಲಿ ಭಾರತದ ಪ್ರಜೆಯೇ ಆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಇಷ್ಟದಂತೆ ದೇಹವನ್ನು ಆಂಧ್ರದ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು.

ಇದನ್ನು ಇಲ್ಲಿ ಅಂಟಿಸುವ ಮೊದಲು ಅತ್ತೆಗೆ ಓದಿ ಹೇಳಿದೆ. ಮಲೇರಿಯಾ ಭಾಗವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಮಾವನನ್ನೂ ಕರೆದು ಕೂರಿಸಿ, ಮತ್ತೆ ಮೊದಲಿಂದ ಓದು ಅಂದರು.

- ಏಳನೇ ತರಗತಿ ವಿದ್ಯಾರ್ಥಿನಿ