ಜಲಪರೀಕ್ಷಕಿ ಎಲೆನ್ ರಿಚರ್ಡ್ಸ್

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಮ್ಯಾಸಚೂಸೆಟ್ಸ್ ಎಂಬ ಚಿಕ್ಕ ರಾಜ್ಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ನದಿಗಳ ದಡದಲ್ಲಿ ಬಟ್ಟೆಯ ಗಿರಣಿಗಳು ಎದ್ದವು. ಗಿರಣಿಗಳ ಸುತ್ತ ಊರುಗಳು ಬೆಳೆದವು. ಮೇಲಿನ ಊರಿನವರು ಚರಂಡಿಯ ಕೊಳೆಯನ್ನು ಹೊಳೆಗೆ ಬಿಟ್ಟರೆ, ಕೆಳಗಿನ ಊರಿನವರು ಅದೇ ನೀರನ್ನು ಕುಡಿಯಬೇಕಾಗಿತ್ತು. ವಿಷಮಶೀತ ಜ್ವರಕ್ಕೆ ಪ್ರತಿವರ್ಷವೂ ಜನ ಬಲಿಯಾಗುತ್ತಿದ್ದರು. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ನಿಜಕ್ಕೂ ಶುದ್ಧವೇ ಎಂಬುದನ್ನು ಅಳೆದು ತೋರಿಸಿದವರಲ್ಲಿ ಎಲೆನ್ ಸ್ವಾಲೋ ರಿಚರ್ಡ್ಸ್ ಅಗ್ರಗಣ್ಯಳು.

ಆಕೆ 1842ರ ಡಿಸೆಂಬರ್ 3ರಂದು ಡನ್‌ಸ್ಟೇಬಲ್ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆತಾಯಿಗಳು ಮನೆಯಲ್ಲಿಯೇ ಮಗಳಿಗೆ ಪಾಠ ಹೇಳಿದರು. ಮುಂದೆ ಓದುವ ಹಂಬಲವಿದ್ದರೂ ಕೈಯಲ್ಲಿ ಹಣವಿರಲಿಲ್ಲ. ಮಕ್ಕಳಿಗೆ ಪಾಠ ಹೇಳಿ, ರೋಗಿಗಳ ಶುಶ್ರೂಷೆ ಮಾಡಿ, ಕೊನೆಗೆ 300 ಡಾಲರುಗಳನ್ನು ಕೂಡಿಸಿಕೊಂಡು 1868ರಲ್ಲಿ ವಾಸರ್ ಕಾಲೇಜನ್ನು ಸೇರಿದಳು. ಖಗೋಳಶಾಸ್ತ್ರಜ್ಞೆ ಮಾರಿಯಾ ಮಿಚೆಲ್ ಅಲ್ಲಿ ಆಕೆಗೆ ಗುರುವಾಗಿದ್ದಳು. ಆದರೂ ಆಕೆಯ ಮನಸ್ಸು ಒಲಿದದ್ದು ರಸಾಯನಶಾಸ್ತ್ರಕ್ಕೆ.

1870ರ ಕೊನೆಯಲ್ಲಿ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆ ಆಕೆಗೆ ಪ್ರವೇಶವನ್ನಿತ್ತಿತು. ಅದುವರೆಗೆ ಅಲ್ಲಿ ಸ್ತ್ರೀಯರಾರೂ ಕಲಿತಿರಲಿಲ್ಲ. ಶುಲ್ಕವನ್ನೂ ಕೇಳಲಿಲ್ಲ. ತನ್ನ ಬಡತನವನ್ನು ಕಂಡು ಕರುಣೆ ತೋರಿದರೆಂದೇ ಆಕೆ ಭಾವಿಸಿದಳು. ನಿಜವಾದ ಕಾರಣ ಬೇರೆಯಿತ್ತು. ಯಾರಾದರೂ ಆಕ್ಷೇಪಿಸಿದರೆ, ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳಿ ಜಾರಿಕೊಳ್ಳಲು ಅದೊಂದು ಉಪಾಯವಾಗಿತ್ತು! ಈ ಸಂಗತಿ ಬಹುಕಾಲದ ಮೇಲೆ ಆಕೆಗೆ ತಿಳಿಯಿತು. 1873ರಲ್ಲಿ ಪದವಿ ದೊರೆಯಿತು. ಡಾಕ್ಟರೇಟ್ ಮಾತ್ರ ಅಲ್ಲಿ ದೊರೆಯಲೇ ಇಲ್ಲ. 1875ರಲ್ಲಿ ಅದೇ ಸಂಸ್ಥೆಯ ಗಣಿಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ರಿಚರ್ಡ್ಸನನ್ನು ಆಕೆ ವಿವಾಹವಾದಳು.

ವಿದ್ಯಾರ್ಥಿದೆಸೆಯಲ್ಲಿಯೇ ಪ್ರಾಧ್ಯಾಪಕ ನಿಕೋಲ್ಸನ ಕೈಕೆಳಗೆ ನೀರಿನ ಪರೀಕ್ಷೆಯನ್ನು ಕಲಿತಿದ್ದ ಆಕೆಗೆ 1887ರಲ್ಲಿ ದೊಡ್ಡ ಹೊಣೆಯೊಂದು ಬಂದಿತು. ರಾಜ್ಯದ ಆರೋಗ್ಯ ಮಂಡಲಿಯು ಎಲ್ಲ ನದಿ, ತೊರೆ, ಕೆರೆಗಳ ನೀರನ್ನೂ ಪರೀಕ್ಷಿಸಲು ನಿಶ್ಚಯಿಸಿತು. ಮೇಲ್ವಿಚಾರಣೆ ಥಾಮಸ್ ಡ್ರೌನ್ ಎಂಬ ಪ್ರಾಧ್ಯಾಪಕನದು. ಪ್ರಯೋಗಶಾಲೆಯ ಭಾರವೆಲ್ಲ ಎಲೆನಳದು. ಊರೂರಿನಿಂದ ಸೀಸೆಗಳು ಬಂದು ತುಂಬಿದವು. ನಿಂತ ನೀರಿನ ಗುಣ ಬೇಗನೆ ಮಾರ್ಪಡುವುದರಿಂದ ಪರೀಕ್ಷೆಯನ್ನು ಮರುದಿನಕ್ಕೆಂದು ಮುಂದೂಡುವಂತಿರಲಿಲ್ಲ. ಬಣ್ಣ, ವಾಸನೆ, ಅಮೋನಿಯ, ನೈಟ್ರೇಟು, ಕ್ಲೋರಿನ್ ಇವನ್ನೆಲ್ಲ ಅಳೆದು ಬರೆದಿಡಬೇಕಾಗಿತ್ತು. ಎರಡು ವರ್ಷಗಳಲ್ಲಿ ಪರೀಕ್ಷಿಸಿದ ಮಾದರಿಗಳು 20,000ಕ್ಕೂ ಮಿಕ್ಕಿದ್ದವು. ಅದೇ ಸಂಸ್ಥೆಯಲ್ಲಿ ವಿಲಿಯಂ ಸೆಡ್ಜ್‌ವಿಕ್ ಎಂಬ ಜೀವವಿಜ್ಞಾನಿಯು, ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಗಳನ್ನೂ ಜೀವಿಗಳನ್ನೂ ಸೂಕ್ಷ್ಮದರ್ಶಕದ ಕೆಳಗೆ ಎಣಿಸುವ ಕ್ರಮವನ್ನು ರೂಪಿಸುತ್ತಿದ್ದನು.

ಅಂಕಿಗಳ ಆ ರಾಶಿಯಿಂದ ಒಂದು ನಕ್ಷೆ ಮೂಡಿತು. ಕಡಲ ಗಾಳಿಯು ಉಪ್ಪಿನ ಕಣಗಳನ್ನು ಒಳನಾಡಿಗೆ ಒಯ್ಯುತ್ತದೆ. ಮಳೆಯೊಡನೆ ಅವು ತೊರೆಗಳನ್ನು ಸೇರುತ್ತವೆ. ಆದುದರಿಂದ ಕರಾವಳಿಯ ತೊರೆಯಲ್ಲಿ ಕ್ಲೋರಿನ್ ಅಂಶ ಹೆಚ್ಚು, ದೂರ ಹೋದಂತೆಲ್ಲ ಕಡಿಮೆ. ನಿರ್ಮಲವಾದ ನೀರಿನಲ್ಲಿ ಅದು ಸಮನಾಗಿರುವ ಸ್ಥಳಗಳನ್ನು ಗೆರೆಗಳಿಂದ ಕೂಡಿಸಿದಾಗ, ಆ ಗೆರೆಗಳು ಬಹುಮಟ್ಟಿಗೆ ಕಡಲ ತೀರವನ್ನೇ ಅನುಸರಿಸಿದವು. ಒಳನಾಡಿನ ಒಂದು ತೊರೆಯಲ್ಲಿ ಆ ಸ್ಥಳಕ್ಕೆ ಸಹಜವಾದುದಕ್ಕಿಂತ ಹೆಚ್ಚು ಕ್ಲೋರಿನ್ ಕಂಡರೆ, ಅದು ಕಡಲಿನದಲ್ಲ. ಮನುಷ್ಯರ ಕೊಳೆಯೊಡನೆ ಬಂದ ಉಪ್ಪು. ಇದು ರೋಗಾಣುಗಳನ್ನೇ ತೋರಿಸುವ ಪರೀಕ್ಷೆಯಲ್ಲ. ನೆಲದಲ್ಲಿಯೇ ಉಪ್ಪಿರುವ ನಾಡುಗಳಲ್ಲಿ ಇದು ಸಲ್ಲುವುದೂ ಇಲ್ಲ. ಆದರೆ ಮ್ಯಾಸಚೂಸೆಟ್ಸಿನಲ್ಲಿ ಯಾವ ತೊರೆ ಕೆಟ್ಟಿದೆಯೆಂಬುದನ್ನು ನಕ್ಷೆ ನೋಡಿಯೇ ಊಹಿಸುವುದು ಸಾಧ್ಯವಾಯಿತು. ನೀರಿನ ಗುಣಮಟ್ಟಕ್ಕೆ ಅಳತೆಗೋಲುಗಳನ್ನು ಗೊತ್ತುಪಡಿಸಲು ಈ ಸಮೀಕ್ಷೆ ನೆರವಾಯಿತು. ಅದೇ ಮಂಡಲಿಯ ಪ್ರಯೋಗಗಳ ಫಲವಾಗಿ 1893ರಲ್ಲಿ ಲಾರೆನ್ಸ್ ಪಟ್ಟಣದವರು ಮೆರಿಮ್ಯಾಕ್ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯತೊಡಗಿದರು. ವಿಷಮಶೀತದ ಸಾವುಗಳು ಬಹಳವಾಗಿ ತಗ್ಗಿದವು.

ಎಲೆನ್ 1884ರಿಂದ ಆ ಸಂಸ್ಥೆಯಲ್ಲಿ ನೈರ್ಮಲ್ಯ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದಳು. 1911ರ ಮಾರ್ಚ್ 30ರಂದು ತೀರಿಕೊಳ್ಳುವವರೆಗೂ ಆಕೆಯದು ಬೋಧಕಿಯ ಹುದ್ದೆಯೇ. ಪ್ರಾಧ್ಯಾಪಕಿಯ ಸ್ಥಾನ ಬರಲಿಲ್ಲ.